ಸಂಜೆಯ ಬೆಳಕಿನಲ್ಲಿ ಹಳೆಯ ವಿಮಾನ

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ‘ಪುಸ್ ಮಾತ್’ ಎಂಬ ಪುಟ್ಟ ವಿಮಾನದಲ್ಲಿ ಟಪಾಲನ್ನು ತಂದ ಸಂಗತಿ ಶಾಲೆಯ ಮಕ್ಕಳಿಗೂ ಗೊತ್ತು. ಆ ಟಪಾಲಿನ ಮುಂದಿನ ಪಯಣ ಮಾತ್ರ ನಮ್ಮ ಸೀಮೆಯಲ್ಲಿಯೇ ಅನೇಕರಿಗೆ ತಿಳಿಯದು. ಮುಂಬಯಿಯಿಂದ ಅದನ್ನು ಮದರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್. ಅವರು ನಡುವೆ ಇಳಿದುದು ಬಳ್ಳಾರಿಯಲ್ಲಿ. ಇರುಳು ಹಾರುವ ಅನುಕೂಲವಿಲ್ಲದ ಕಾಲವಾದುದರಿಂದ ರಾತ್ರಿ ಅಲ್ಲಿಯೇ ತಂಗಿ, ಮರುದಿನ ಮದರಾಸಿನ ದಾರಿ ಹಿಡಿದರು. ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯೆಲ್ಲ ಅಂದು ಬಳ್ಳಾರಿ ಜಿಲ್ಲೆಯೇ ಆಗಿತ್ತು. ಭಾರತೀಯ ವಿಮಾನಯಾನದ ಮೊದಲ ಪುಟದಲ್ಲಿ ನಮ್ಮ ನೆಲದ ಹೆಸರೂ ಇದೆ.

ಹೀಗಿರುವಾಗ ನಮ್ಮ ಕಡೆಯ ಕುಟುಂಬಗಳು ಯಲಹಂಕದ ವೈಮಾನಿಕ ಪ್ರದರ್ಶನಕ್ಕೆ ಮಕ್ಕಳನ್ನು ಕರೆದೊಯ್ಯುವುದು ಸಹಜವೇ. 1996ರಲ್ಲಿ ಮೊದಲಾದ ಏರೋ ಇಂಡಿಯಾ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. 2025ರಲ್ಲಿ ಫೆಬ್ರವರಿ 10ರಿಂದ 14ರವರೆಗೆ ನಡೆಯಿತು. ಹೋದವರು ನೂರಾರು ಚಿತ್ರಗಳನ್ನು ತೆಗೆದುಕೊಂಡು ಬರುತ್ತಾರೆ. ಊರಿಗೆ ಬಂದು ನೋಡಿದರೆ ಬಿಳಿಯ ಆಕಾಶದಲ್ಲಿ ಕಪ್ಪು ಚುಕ್ಕೆಗಳು. ಹಳೆಯ ವಿಮಾನದ ಚಿತ್ರ ಸ್ಪಷ್ಟವಾಗಿಯೇ ಬಂದಿದ್ದರೂ ಅದು ದಾರಕ್ಕೆ ತೂಗಿಬಿಟ್ಟ ಆಟಿಕೆಯಂತೆ ಕಾಣುತ್ತದೆ. ಹೀಗೇಕಾಗುತ್ತದೆ ಎಂಬುದನ್ನು ಈ ತಿಂಗಳು ವಿಚಾರಿಸೋಣ.

2019ರ ಪ್ರದರ್ಶನದಲ್ಲಿ ಹಾರಿದ ಡಕೋಟಾ ವಿಮಾನವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ಶ್ರೀನಗರದಲ್ಲಿ ಇಳಿಸಿ ಕಾಶ್ಮೀರದ ರಕ್ಷಣೆಗೆ ಕಾರಣವಾದುದು ಇದೇ ಜಾತಿಯ ವಿಮಾನ. ಗುಜರಿಯ ಪಾಲಾಗಲಿದ್ದ ಒಂದು ಡಕೋಟಾವನ್ನು ರಾಜೀವ್ ಚಂದ್ರಶೇಖರ್ ಅವರು ಕೊಂಡು, ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ, 2018ರಲ್ಲಿ ವಾಯುಪಡೆಗೆ ಕಾಣಿಕೆಯಾಗಿ ಕೊಟ್ಟರು. ಅವರ ತಂದೆ ವಾಯುಪಡೆಯಲ್ಲಿ ಡಕೋಟಾ ಹಾರಿಸಿದವರು. ‘ಪರಶುರಾಮ’ ಎಂದು ಹೆಸರು ಪಡೆದ ಆ ವಿಮಾನಕ್ಕೆ, ಶ್ರೀನಗರದಲ್ಲಿ ಇಳಿದ ವಿಮಾನದ ಸ್ಮರಣಾರ್ಥವಾಗಿ ವಿಪಿ 905 ಎಂಬ ಸಂಖ್ಯೆಯನ್ನೇ ಬರೆಯಲಾಗಿದೆ.

ಇಂತಹ ವಿಮಾನದ ಜೀವ ಇರುವುದು ಅದರ ಪಂಖದಲ್ಲಿ. ಹಾರುವಾಗ ಡಕೋಟಾದ ಮೂರೆಸಳಿನ ಪಂಖವು ನಿಮಿಷಕ್ಕೆ ಸುಮಾರು 1,200 ಸುತ್ತು, ಎಂದರೆ ಸೆಕೆಂಡಿಗೆ 20 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳೋಣ. ಕ್ಯಾಮೆರಾದ ಶಟರ್ ಸೆಕೆಂಡಿನ ಸಾವಿರದಲ್ಲೊಂದು ಪಾಲು ಮಾತ್ರ ತೆರೆದರೆ, ಅಷ್ಟರಲ್ಲಿ ಪಂಖ ತಿರುಗುವುದು ಏಳು ಡಿಗ್ರಿಯಷ್ಟು. ಚಿತ್ರದಲ್ಲಿ ಅದು ನಿಂತಂತೆಯೇ ಕಾಣುತ್ತದೆ. ಎಂಜಿನ್ ಕೆಟ್ಟು ವಿಮಾನ ಬೀಳುತ್ತಿದೆಯೇನೋ ಎಂಬ ಭಾವನೆ ಬರುತ್ತದೆ. ನೂರಿಪ್ಪತ್ತೈದರಲ್ಲೊಂದು ಪಾಲು ತೆರೆದರೆ ಪಂಖ ಸುಮಾರು 58 ಡಿಗ್ರಿ ತಿರುಗಿರುತ್ತದೆ. ಎಸಳುಗಳು ಮಸುಕಾದ ಬೀಸಣಿಗೆಯಂತೆ ಹರಡಿಕೊಂಡು ಕಾಣುತ್ತವೆ. ಜೆಟ್ ವಿಮಾನಕ್ಕೆ ಪಂಖವಿಲ್ಲ, ವೇಗವೂ ಹೆಚ್ಚು. ಅದಕ್ಕೆ ಸಾವಿರದಲ್ಲೊಂದು ಅಥವಾ ಅದಕ್ಕಿಂತ ಕಡಿಮೆ ಪಾಲೇ ಸರಿ. ಒಂದೇ ಅಳತೆಯಲ್ಲಿ ಎರಡನ್ನೂ ತೆಗೆಯಲು ಹೋಗುವುದೇ ಸೋಲಿನ ಮೂಲ.

ಆದರೆ ಶಟರ್ ನಿಧಾನವಾದಂತೆ ಕೈ ಅಲುಗುವ ಭಯವೂ ಹೆಚ್ಚುತ್ತದೆ. ಅದಕ್ಕೆ ಉಪಾಯವೆಂದರೆ ವಿಮಾನದ ಜೊತೆಗೆ ನಾವೂ ತಿರುಗುವುದು. ಕಾಲುಗಳನ್ನು ಅಗಲಿಸಿ ನಿಂತು, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಸೊಂಟದಿಂದ ಮೇಲಷ್ಟೇ ಸಮವೇಗದಲ್ಲಿ ತಿರುಗಬೇಕು. ಗುಂಡಿ ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬಾರದು. ಜೋಳದ ಹೊಲದ ಅಟ್ಟಣಿಗೆಯ ಮೇಲೆ ಕವಣೆ ಬೀಸುವವನನ್ನು ನೋಡಿ. ಕಲ್ಲು ಬಿಟ್ಟ ಮೇಲೂ ಅವನ ತೋಳು ಅದೇ ದಿಕ್ಕಿಗೆ ಸಾಗಿರುತ್ತದೆ. ಇಲ್ಲಿಯೂ ಕ್ರಮ ಅದೇ.

ಇದನ್ನು ಪ್ರದರ್ಶನದ ದಿನವೇ ಕಲಿಯಲಾಗದು. ಅಭ್ಯಾಸಕ್ಕೆ ಬೆಂಗಳೂರಿಗೆ ಹೋಗಬೇಕಾಗಿಯೂ ಇಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಪಕ್ಷಿಧಾಮ. ಸಂಜೆ ಅಲ್ಲಿ ಬಣ್ಣದ ಕೊಕ್ಕರೆಗಳೂ ಬಾಯ್ಕಳಕಗಳೂ ಜಾಲಿಮರಗಳ ಗೂಡುಗಳಿಗೆ ಮರಳುತ್ತವೆ. ಭಾರವಾದ ಮೈ, ನಿಧಾನವಾದ ಹಾರಾಟ, ಓರೆ ಬೆಳಕು: ಹಳೆಯ ವಿಮಾನವನ್ನು ತೆಗೆಯಲು ಬೇಕಾದ ಪಾಠವೆಲ್ಲ ಅಲ್ಲಿಯೇ ದೊರೆಯುತ್ತದೆ. ಹಕ್ಕಿಗಳನ್ನು ಬೆದರಿಸದೆ ಏರಿಯ ಮೇಲೆ ನಾಲ್ಕು ಸಂಜೆ ನಿಂತ ಹುಡುಗನು ಯಲಹಂಕದಲ್ಲಿ ಕಂಗೆಡುವುದಿಲ್ಲ.

ಇನ್ನು ಬೆಳಕಿನ ವಿಚಾರ. ನಡುಹಗಲಿನಲ್ಲಿ ಸೂರ್ಯ ನೆತ್ತಿಯ ಮೇಲಿರುವುದರಿಂದ ನೆಲದಲ್ಲಿ ನಿಂತ ನಮಗೆ ಕಾಣುವ ವಿಮಾನದ ಹೊಟ್ಟೆಯ ಭಾಗ ನೆರಳಿನಲ್ಲಿರುತ್ತದೆ. ಸಂಜೆ ಬೆಳಕು ಪಕ್ಕದಿಂದ ಬೀಳುತ್ತದೆ. ರೆಕ್ಕೆಯ ಅಡಿಯೂ ಮೈಯ ಮೇಲಿನ ಬರಹವೂ ಬೆಳಗುತ್ತವೆ. ಸೂರ್ಯ ಬೆನ್ನ ಹಿಂದಿರುವಂತೆ ಜಾಗ ಹಿಡಿಯಬೇಕು. ಆಕಾಶವು ತೀರ ಹೊಳೆಯುತ್ತಿದ್ದರೆ ಕ್ಯಾಮೆರಾ ಮೋಸಹೋಗಿ ವಿಮಾನವನ್ನು ಕಪ್ಪಾಗಿಸುತ್ತದೆ. ಆಗ ಬೆಳಕಿನ ಪ್ರಮಾಣವನ್ನು ಒಂದು ಮೆಟ್ಟಿಲು ಹೆಚ್ಚಿಸಿಕೊಳ್ಳಬೇಕು. ಮೊಬೈಲ್ ಫೋನಿನಲ್ಲಿಯೂ ಇದು ಸಾಧ್ಯ. ಮಸೂರವನ್ನು ನೇರವಾಗಿ ಸೂರ್ಯನತ್ತ ಹಿಡಿಯುವುದನ್ನು ಮಾತ್ರ ಮಕ್ಕಳಿಗೆ ಬಿಡಿಸಿರಿ. ಕಣ್ಣಿಗೂ ಯಂತ್ರಕ್ಕೂ ಅಪಾಯ.

ಇಷ್ಟಾದರೂ ಹತ್ತು ತೆಗೆದರೆ ಎಂಟು ಕೆಡುತ್ತವೆ. ಕೆಡಲಿ. ಎಲ್ಲವೂ ಚೆನ್ನಾಗಿ ಬರಬೇಕೆಂಬ ಆಸೆಯಿಂದ ವೇಗದ ಶಟರನ್ನೇ ಹಿಡಿದುಕೊಂಡವರಿಗೆ ಹತ್ತೂ ಸ್ಪಷ್ಟವಾಗಿ ದೊರೆಯುತ್ತವೆ, ಹತ್ತರಲ್ಲಿಯೂ ಹಾರಾಟವಿರುವುದಿಲ್ಲ.

ಹಳೆಯ ವಿಮಾನಗಳು ಹಾರುವುದನ್ನು ನೋಡುವ ಅವಕಾಶ ಬಹಳ ಅಪರೂಪ. 1982ರಲ್ಲಿ, ಮೊದಲ ಟಪಾಲು ಹಾರಾಟಕ್ಕೆ ಐವತ್ತು ವರ್ಷ ತುಂಬಿದಾಗ, 78 ವಯಸ್ಸಿನ ಟಾಟಾ ಅವರು ‘ಲೆಪರ್ಡ್ ಮಾತ್’ ಎಂಬ ಹಳೆಯ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಮತ್ತೆ ಹಾರಿದರು. ಹಾರುವವರೂ ದುರಸ್ತಿ ಮಾಡುವವರೂ ಇರುವವರೆಗೆ ಮಾತ್ರ ಇದು ನಡೆಯುತ್ತದೆ. ನಮ್ಮ ದೇಶದಲ್ಲೇ ರೂಪಿಸಿ 1951ರಲ್ಲಿ ಮೊದಲು ಹಾರಿಸಿದ ಎಚ್‌ಟಿ-2, 1961ರಲ್ಲಿ ಹಾರಿದ ಮಾರುತ್, ಇವೆರಡನ್ನೂ ಇಂದು ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ನಿಂತ ಸ್ಥಿತಿಯಲ್ಲಿ ನೋಡಬಹುದು. ಅವು ಆಕಾಶದಲ್ಲಿ ಹೇಗಿದ್ದವೆಂಬುದನ್ನು ಮುಂದಿನವರಿಗೆ ಹೇಳುವುದು ಅಂದು ಯಾರೋ ತೆಗೆದಿಟ್ಟ ಚಿತ್ರಗಳೇ.

ಆದುದರಿಂದ ಕೊನೆಯದಾಗಿ ಒಂದು ಸೂಚನೆ. ಚೆನ್ನಾಗಿ ಬಂದ ಎರಡು ಚಿತ್ರಗಳನ್ನಾದರೂ ಕಾಗದದ ಮೇಲೆ ಮುದ್ರಿಸಿ, ಹಿಂಬದಿಯಲ್ಲಿ ವಿಮಾನದ ಹೆಸರು, ಅದರ ಸಂಖ್ಯೆ, ಸ್ಥಳ, ದಿನಾಂಕ, ತೆಗೆದವರ ಹೆಸರು ಇಷ್ಟನ್ನು ಮಕ್ಕಳ ಕೈಯಿಂದಲೇ ಬರೆಸಿರಿ. ಫೋನು ಬದಲಾದಾಗ ಅದರೊಳಗಿನ ಚಿತ್ರಗಳು ಕಳೆದುಹೋಗುತ್ತವೆ. ಹೆಸರಿಲ್ಲದ ಚಿತ್ರ ಉಳಿದರೂ ಇಪ್ಪತ್ತು ವರ್ಷಗಳ ಬಳಿಕ ಅದು ಯಾವ ವಿಮಾನವೆಂದು ಹೇಳುವವರು ಮನೆಯಲ್ಲಿ ಇರುವುದಿಲ್ಲ.