ಕೊಯ್ನಾ ಭೂಕಂಪ: ಉಪಾದಾನವಾವುದು, ನಿಮಿತ್ತವಾವುದು?

ದಖನ್ನಿನ ಪ್ರಸ್ಥಭೂಮಿಯು ಅಚಲವಾದುದೆಂಬ ನಂಬಿಕೆಯು ಬಹುಕಾಲ ನಮ್ಮ ಭೂಗೋಳದ ಪಾಠಗಳಲ್ಲಿ ನೆಲೆಸಿತ್ತು. ನಡುಗುವುದೇನಿದ್ದರೂ ಹಿಮಾಲಯದ ತಪ್ಪಲು. ಇಲ್ಲಿಯ ಕರಿಗಲ್ಲಿಗೆ ಆ ಭಯವಿಲ್ಲವೆಂದು ತಿಳಿದವರೇ ಹೆಚ್ಚು. 1967ನೆಯ ಇಸವಿ ಡಿಸೆಂಬರ್ 11ರ ಬೆಳಗಿನ ಜಾವ ಆ ನಂಬಿಕೆಯು ಕುಸಿಯಿತು. ಸಹ್ಯಾದ್ರಿಯ ಮಡಿಲಿನ ಕೊಯ್ನಾನಗರವು ಕ್ಷಣಮಾತ್ರದಲ್ಲಿ ಹಾಳಾಯಿತು; ಸುಮಾರು 200 ಮಂದಿ ಮಡಿದರು. ಕಂಪನದ ಪ್ರಮಾಣ 6.3. ಅಲ್ಲಿಯ 103 ಮೀಟರ್ ಎತ್ತರದ ಅಣೆಕಟ್ಟು ಬಿರುಕುಬಿಟ್ಟರೂ ಬೀಳದೆ ನಿಂತಿತು. ಆದರೆ ಸಂಶಯದ ದೃಷ್ಟಿಯು ತಿರುಗಿದುದು ಅದರ ಕಡೆಗೇ.

ಸಂಶಯಕ್ಕೆ ಆಧಾರವಿಲ್ಲದಿರಲಿಲ್ಲ. 1962ರ ಸುಮಾರಿಗೆ ಜಲಾಶಯವು ತುಂಬತೊಡಗಿತು. ಅದರ ಬೆನ್ನಿಗೇ ಆಸುಪಾಸಿನಲ್ಲಿ ಸಣ್ಣ ನಡುಕಗಳು ಆರಂಭವಾದವು. ಅಮೆರಿಕದ ಹೂವರ್ ಅಣೆಕಟ್ಟಿನ ಬಳಿ 1930ರ ದಶಕದಲ್ಲಿಯೂ, ಆಫ್ರಿಕದ ಕರೀಬಾದಲ್ಲಿ 1963ರಲ್ಲಿಯೂ, ಗ್ರೀಸಿನ ಕ್ರೆಮಾಸ್ತಾದಲ್ಲಿ 1966ರಲ್ಲಿಯೂ ಇದೇ ಬಗೆಯ ಅನುಭವವಾಗಿತ್ತು.

ಇದಕ್ಕೆ ಆಕ್ಷೇಪಗಳೂ ಹುಟ್ಟಿದವು. ಜಲಾಶಯಕ್ಕೆ ಮುಂಚೆ ಅಲ್ಲಿ ಭೂಕಂಪಮಾಪಕಗಳೇ ಇರಲಿಲ್ಲ; ದಾಖಲೆಯಿಲ್ಲವೆಂದ ಮಾತ್ರಕ್ಕೆ ಕಂಪನವೇ ಇರಲಿಲ್ಲವೆನ್ನಬಹುದೆ? ಮೇಲಾಗಿ, ಕೆಲವು ಕಿಲೋಮೀಟರ್ ಆಳದ ಬಂಡೆಯ ಮೇಲೆ ಅದರ ಸ್ವಂತ ಭಾರದ ಮುಂದೆ ನೂರು ಮೀಟರ್ ನೀರಿನ ಭಾರವೆಷ್ಟು? ಪ್ರಶ್ನೆಗಳು ನ್ಯಾಯವಾದುವೇ.

ಇಲ್ಲಿ ನಮ್ಮ ದಾರ್ಶನಿಕರ ಒಂದು ವಿಭಾಗವು ನೆರವಿಗೆ ಬರುತ್ತದೆ. ಗಡಿಗೆಗೆ ಮಣ್ಣು ಉಪಾದಾನ ಕಾರಣ, ಕುಂಬಾರನು ನಿಮಿತ್ತ ಕಾರಣ. ಕೊಯ್ನೆಯಲ್ಲಿ ಉಪಾದಾನವು ಶಿಲೆಯೊಳಗೆ ಯುಗಯುಗಗಳಿಂದ ಸಂಚಿತವಾದ ಒತ್ತಡ. ಅದನ್ನು ಯಾವ ಇಂಜಿನಿಯರನೂ ನಿರ್ಮಿಸಲಿಲ್ಲ. ಆದರೆ ಹಳೆಯ ಬಿರುಕುಗಳ ಎರಡು ಮಗ್ಗುಲುಗಳನ್ನು ಘರ್ಷಣೆಯು ಹಿಡಿದಿಟ್ಟಿರುತ್ತದೆ. ಜಲಾಶಯದ ನೀರಿನ ಒತ್ತಡವು ಬಂಡೆಯ ರಂಧ್ರಗಳ ಮೂಲಕ ಆಳಕ್ಕೆ ಹಬ್ಬಿದಾಗ ಆ ಹಿಡಿತವು ಸಡಿಲುತ್ತದೆ. ಜಾರುವ ಅಂಚಿನಲ್ಲಿದ್ದ ಬಂಡೆಯನ್ನು ಜಾರಿಸಲು ಅಷ್ಟೇ ಸಾಕು. ನೀರಿನ ಭಾರವು ಅಲ್ಪವೆಂಬ ಆಕ್ಷೇಪಕ್ಕೆ ಉತ್ತರವೂ ಇದೇ.

ಅನಂತರದ ದಶಕಗಳು ಈ ವಿವರಣೆಯನ್ನು ಬಲಪಡಿಸಿವೆ. ಕಂಪನಗಳು ಇಂದಿಗೂ ನಿಂತಿಲ್ಲ. ಅವು ಬಹುಪಾಲು ಕೊಯ್ನಾ ಮತ್ತು ವಾರ್ಣಾ ಜಲಾಶಯಗಳ ನಡುವಣ ಕಿರುಪ್ರದೇಶದಲ್ಲಿಯೇ, ಹತ್ತು ಕಿಲೋಮೀಟರಿಗಿಂತ ಕಡಿಮೆ ಆಳದಲ್ಲಿ ಹುಟ್ಟುತ್ತವೆ. ನೀರು ಏರುವ ವೇಗ, ಮುಟ್ಟುವ ಮಟ್ಟ, ನಿಲ್ಲುವ ಅವಧಿ ಇವು ಮೂರಕ್ಕೂ ಕಂಪನಗಳಿಗೂ ಸಂಬಂಧವಿದೆಯೆಂದು ಹರ್ಷ ಗುಪ್ತ ಮೊದಲಾದ ವಿಜ್ಞಾನಿಗಳು ತೋರಿಸಿದರು. ಬಂಡೆಯನ್ನೇ ಪರೀಕ್ಷಿಸಲು ಅಲ್ಲಿ 3 ಕಿಲೋಮೀಟರ್ ಆಳದವರೆಗೆ ಕೊರೆದುದೂ ಆಗಿದೆ.

ನಿಮಿತ್ತವೆಂದ ಮಾತ್ರಕ್ಕೆ ಹೊಣೆಯು ತಪ್ಪುವುದಿಲ್ಲ. ಉಪಾದಾನದ ಮೇಲೆ ನಮಗೆ ಅಧಿಕಾರವಿಲ್ಲ. ನಿಮಿತ್ತದ ಮೇಲೆ ಉಂಟು. ಕೊಯ್ನೆಯ ವಿದ್ಯುತ್ತು ದೂರದ ಪಟ್ಟಣಗಳನ್ನು ಬೆಳಗಿತು. ಮನೆ ಕುಸಿದುದು ಕಣಿವೆಯ ಬಡವರದು. ಅಣೆಕಟ್ಟುಗಳೇ ಬೇಡವೆಂಬುದು ಇದರ ಅರ್ಥವಲ್ಲ. ನೀರು ನಿಲ್ಲಿಸುವುದಕ್ಕೆ ವರ್ಷಗಳ ಮುಂಚೆಯೇ ಮಾಪಕಗಳನ್ನಿಟ್ಟು ನೆಲದ ಸ್ವಭಾವವನ್ನು ಅರಿಯಬೇಕು. ನೀರನ್ನು ಅವಸರವಿಲ್ಲದೆ ತುಂಬಬೇಕು. ಸುತ್ತಣ ಹಳ್ಳಿಗಳ ಮನೆಗಳನ್ನು ನಡುಕ ತಡೆಯುವಂತೆ ಕಟ್ಟಿಸಬೇಕು. ಕೊಯ್ನಾ ಹೊಳೆಯು ಕರಾಡದಲ್ಲಿ ಕೃಷ್ಣೆಯನ್ನು ಕೂಡಿ ನಮ್ಮ ನಾಡಿಗೂ ಹರಿದುಬರುತ್ತದೆ. ಅದರ ದಡದಲ್ಲಿ ಕಲಿತ ಈ ಪಾಠವು ನೀರು ಕಟ್ಟುವ ಎಲ್ಲರಿಗೂ ಸಲ್ಲತಕ್ಕದ್ದು.