ಟಿಕೆಟ್ ಉಚಿತವಾಯಿತು, ದಾರಿಯ ಗತಿಯೇನು?

ಕರಾವಳಿಯಲ್ಲಿ ಖಾಸಗಿ ಬಸ್ಸುಗಳ ಸಾಲನ್ನೇ ಕಂಡವರಿಗೆ ಮೈಸೂರು ಜಿಲ್ಲೆಯ ನಂಜನಗೂಡು, ತಿ. ನರಸೀಪುರಗಳ ಪರಿಸ್ಥಿತಿ ತುಸು ಬೇರೆ ಎನಿಸೀತು. ಅಲ್ಲಿ ಹೆಚ್ಚಿನವರಿಗೆ ಸರಕಾರಿ ಬಸ್ಸೇ ಆಧಾರ. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಕೂಲಿಗಾಗಿ ದಿನವೂ ಮೈಸೂರಿಗೆ ಹೋಗಿಬರುವ ಬಡ ತಾಯಂದಿರಿಗೆ ಇದು ಸಣ್ಣ ಉಳಿತಾಯವಲ್ಲ.

ಮೈಸೂರಿನಿಂದ ನಂಜನಗೂಡಿಗೆ 1891ರಲ್ಲೇ ರೈಲು ಬಂದಿತ್ತು. ನರಸೀಪುರ ಪಟ್ಟಣಕ್ಕೆ ಇಂದಿಗೂ ರೈಲಿಲ್ಲ. ಆದ್ದರಿಂದ ಬಸ್ಸಿನ ಮಹತ್ವ ಅಲ್ಲಿ ಇನ್ನೂ ಹೆಚ್ಚು.

ಆದರೆ ಬಸ್ ಹತ್ತುವ ಮುನ್ನ ಮತ್ತು ಇಳಿದ ಮೇಲೆ ಎಲ್ಲರೂ ಪಾದಚಾರಿಗಳೇ. ರಸ್ತೆ ಬದಿಯಲ್ಲಿ ಕಾಲುದಾರಿ ಇಲ್ಲದೆ, ತಂಗುದಾಣದಲ್ಲಿ ದೀಪವಿಲ್ಲದೆ ಹೋದರೆ ಉಚಿತ ಟಿಕೆಟ್ ಅರ್ಧ ಸೌಲಭ್ಯ ಮಾತ್ರ. 2017ರಲ್ಲಿ ಮೈಸೂರು ನಗರದಲ್ಲಿ 450 ಸೈಕಲ್‌ಗಳೊಂದಿಗೆ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಯೋಜನೆ ಆರಂಭವಾದಾಗ ದೇಶವೇ ಗಮನಿಸಿತು. ಅದು ನಗರದೊಳಗಿನ ಯೋಜನೆ. ಹಳ್ಳಿಯಿಂದ ಮುಖ್ಯರಸ್ತೆಯವರೆಗೆ ಎರಡು ಮೂರು ಕಿಲೋಮೀಟರ್ ನಡೆದುಬರುವವರಿಗೆ ಬೇಕಾದದ್ದು ಇನ್ನೂ ಸರಳ: ಮನೆಯ ಸೈಕಲನ್ನು ಬಸ್ ನಿಲ್ದಾಣದ ಬಳಿ ಬೀಗಹಾಕಿ ಬಿಟ್ಟುಹೋಗಲು ಒಂದಿಷ್ಟು ನೆರಳು, ಒಂದಿಷ್ಟು ಭದ್ರತೆ.

ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಗ್ರಾಮಸಭೆಯಲ್ಲಿ, ಪುರಸಭೆಯಲ್ಲಿ ಯಾರಾದರೂ ಎದ್ದು ನಿಂತು ಕೇಳಬೇಕು. ಕರಾವಳಿಯ ನಮ್ಮ ಊರುಗಳಿಗೂ ಈ ಮಾತು ಸಲ್ಲುತ್ತದೆ. ಕಾರು, ಸ್ಕೂಟರ್ ಇರುವ ನಾವು ಸುಮ್ಮನಿದ್ದರೆ ನಡೆಯುವವರ ಪರವಾಗಿ ಮಾತನಾಡುವವರು ಯಾರು?