ಬಿಡಾರ ಯಾರ ದಿಕ್ಕಿಗೆ?

ಕಳೆದ ಭಾನುವಾರ ನಮ್ಮ ಪರಿಚಯದ ದಂಪತಿಗಳಿಬ್ಬರು ಮನೆಗೆ ಬಂದು ಒಂದು ಪ್ರಶ್ನೆಯನ್ನು ಮುಂದಿಟ್ಟರು. ಗಂಡ ಉಡುಪಿಯ ಕಡೆಯವರು. ಗಚ್ಚಿಬೌಲಿಯ ಒಂದು ಫಲಾಹಾರ ಮಂದಿರದಲ್ಲಿ ಅಡಿಗೆಯ ಮೇಲ್ವಿಚಾರಣೆ ಅವರದು. ಬೆಳಗಿನ ಐದು ಗಂಟೆಗೆ ಅವರು ಒಲೆಯ ಮುಂದಿರಬೇಕು. ಹೆಂಡತಿ ಬೀದರದವರು, ಉಪ್ಪಲ್‌ನ ಒಂದು ಕಚೇರಿಯಲ್ಲಿ ಗುಮಾಸ್ತೆ, ಹತ್ತು ಗಂಟೆಗೆ ಹಾಜರಿ. ಬರ್ಕತ್‌ಪುರದಲ್ಲಿ ಅವರಿರುವ ಮನೆಯನ್ನು ಮಾಲೀಕರು ಕೆಡವಿ ಕಟ್ಟಿಸಲಿದ್ದಾರೆ. ಎರಡು ತಿಂಗಳೊಳಗೆ ಬಿಡಾರ ಎತ್ತಬೇಕು. ಪಡುವಣದ ಲಿಂಗಂಪಲ್ಲಿಗೆ ಹೋಗುವುದೋ, ಮೂಡಣದ ಉಪ್ಪಲ್‌ಗೆ ಹೋಗುವುದೋ, ಅಲ್ಲ ನಡುವೆ ಅಮೀರ್‌ಪೇಟೆಯಲ್ಲಿ ನಿಲ್ಲುವುದೋ? ಇದು ಅವರೊಬ್ಬರ ಪ್ರಶ್ನೆಯಾಗಿದ್ದರೆ ನಾವು ಈ ಅಂಕಣಕ್ಕೆ ತರುತ್ತಿರಲಿಲ್ಲ. ಈ ನಗರದಲ್ಲಿ ದುಡಿಯುವ ನಮ್ಮವರಲ್ಲಿ ಎಷ್ಟೋ ಮನೆಗಳಲ್ಲಿ ರಾತ್ರಿ ಊಟದ ನಂತರ ಇದೇ ಚರ್ಚೆ ನಡೆಯುತ್ತಿದೆಯೆಂಬುದನ್ನು ನಾವು ಬಲ್ಲೆವು.

ಹಿಂದಿನವರಿಗೆ ಈ ತೊಡಕು ಇರಲಿಲ್ಲ. 1956ರ ನವೆಂಬರ್ 1ರ ತನಕ ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ಅಲ್ಲಿಂದ ಬಂದ ಗುಮಾಸ್ತರು ಕಾಚಿಗುಡ, ಸುಲ್ತಾನ್ ಬಜಾರ್, ನಾರಾಯಣಗುಡಗಳ ಸುತ್ತ ಮನೆ ಹಿಡಿದು, ಸೈಕಲ್ಲಿನ ಮೇಲೆಯೋ ಕಾಲ್ನಡಿಗೆಯಲ್ಲಿಯೋ ಕಚೇರಿ ಮುಟ್ಟುತ್ತಿದ್ದರು. ಹೋಟೆಲಿನ ಮಾಣಿಗಳಂತೂ ಮೇಜುಗಳನ್ನು ಸರಿಸಿ ಅಲ್ಲಿಯೇ ಚಾಪೆ ಹಾಸುತ್ತಿದ್ದರು. ಅವರ ಹೆಂಡತಿಯರು ಊರಿನಲ್ಲಿ, ಅವರು ಇಲ್ಲಿ. ಅದನ್ನು ಸುಖವೆಂದು ಹೇಳುವವರು ಆ ಚಾಪೆಯ ಮೇಲೆ ಮಲಗಿದವರಲ್ಲ. ಇಂದು ಹೆಂಡತಿಯೂ ಜತೆಗಿದ್ದಾಳೆ, ಆಕೆಯೂ ದುಡಿಯುತ್ತಾಳೆ. ಆದುದರಿಂದಲೇ ಈ ಪ್ರಶ್ನೆ ಹುಟ್ಟಿದೆ. ಸಂಕಟವಾದರೂ ಇದು ಒಳ್ಳೆಯ ಜಾತಿಯ ಸಂಕಟ.

ಮುಂಬಯಿಯ ನಮ್ಮ ಬಂಧುಗಳು ಇದನ್ನು ಬೇರೆ ಬಗೆಯಲ್ಲಿ ಬಿಡಿಸಿಕೊಂಡಿದ್ದರು. ಅಲ್ಲಿ ಬಹುಕಾಲ ಕಚೇರಿಗಳೆಲ್ಲ ದಕ್ಷಿಣದ ತುದಿಯಲ್ಲಿದ್ದುವು. ಆದುದರಿಂದ ಠಾಣೆಯಲ್ಲಿರಲಿ, ಡೊಂಬಿವಲಿಯಲ್ಲಿರಲಿ, ಬೆಳಿಗ್ಗೆ ಎಲ್ಲರ ಮುಖವೂ ಒಂದೇ ಕಡೆಗೆ. ಹೈದರಾಬಾದ್ ಹಾಗೆ ಬೆಳೆದ ನಗರವಲ್ಲ. ನಡುವೆ ಆಬಿಡ್ಸ್, ಕೋಠಿ; ಮೂಡಣದಲ್ಲಿ ಉಪ್ಪಲ್, ನಾಚಾರಂ, 1967ರಲ್ಲಿ ಸ್ಥಾಪಿತವಾದ ಇಸಿಐಎಲ್; ಪಡುವಣದಲ್ಲಿ 1998ರಲ್ಲಿ ಸೈಬರ್ ಟವರ್ಸ್ ತೆರೆದ ಮೇಲೆ ಹಬ್ಬಿದ ಹೊಸ ಪೇಟೆ. ಉಪ್ಪಲ್, ಮಲ್ಕಾಜ್‌ಗಿರಿ, ಕುಕಟ್‌ಪಲ್ಲಿ, ಸೇರಿಲಿಂಗಂಪಲ್ಲಿ ಮುಂತಾದ ಹನ್ನೆರಡು ಪುರಸಭೆಗಳನ್ನು 2007ರಲ್ಲಿ ಮಹಾನಗರದೊಳಗೆ ಸೇರಿಸಿದರು. ಹೆಸರು ಒಂದಾಯಿತು, ದೂರ ಮಾತ್ರ ಹಾಗೆಯೇ ಉಳಿಯಿತು.

ನಡುವಣ ಊರೇ ನ್ಯಾಯವೆಂದು ಮೊದಲ ನೋಟಕ್ಕೆ ಯಾರಿಗಾದರೂ ತೋರುವುದು. ಅಮೀರ್‌ಪೇಟೆಯಲ್ಲಿ ಮೆಟ್ರೋದ ಎರಡು ಮಾರ್ಗಗಳು ಸಂಧಿಸುತ್ತವೆ, ಮಿಯಾಪುರದಿಂದ ಎಲ್.ಬಿ. ನಗರಕ್ಕೆ ಹೋಗುವುದು ಒಂದು, ನಾಗೋಲ್‌ನಿಂದ ರಾಯದುರ್ಗಕ್ಕೆ ಹೋಗುವುದು ಇನ್ನೊಂದು. ಇಬ್ಬರಿಗೂ ಸಮನಾದ ದಾರಿಯಲ್ಲವೇ ಎಂದು ಗಂಡ ಕೇಳಿದರು. ನಾವು ಅಲ್ಲವೆಂದೆವು. ಕಿಲೋಮೀಟರುಗಳನ್ನು ಸಮನಾಗಿ ಹಂಚಿದರೆ ಕಷ್ಟವೂ ಸಮನಾಗಿ ಹಂಚಿಹೋಗುವುದೆಂದು ತಿಳಿಯುವುದು ತಪ್ಪು. ಮೆಟ್ರೋ ಹೊರಡುವುದು ಬೆಳಗಿನ ಆರು ಗಂಟೆಗೆ. ಐದಕ್ಕೆ ಒಲೆ ಹೊತ್ತಿಸುವವನಿಗೆ ಅದು ಇದ್ದೂ ಇಲ್ಲದಂತೆ. 2017ರಲ್ಲಿ ಅದು ಆರಂಭವಾದಾಗ ನಾವೆಲ್ಲ ಸಂತೋಷಪಟ್ಟೆವು. ಇಂದು ಮೂರು ಮಾರ್ಗಗಳೂ ಕೂಡಿ ಸುಮಾರು 69 ಕಿಲೋಮೀಟರ್ ಇದೆ. ಆದರೆ ಆ ವೇಳಾಪಟ್ಟಿಯನ್ನು ಬರೆದವರ ಮನಸ್ಸಿನಲ್ಲಿ ಇಡ್ಲಿ ಬೇಯಿಸುವವನು ಇರಲಿಲ್ಲವೆಂಬುದು ಸ್ಪಷ್ಟ. ಅಲ್ಲದೆ ಅಮೀರ್‌ಪೇಟೆಯ ಬಾಡಿಗೆಯನ್ನು ಕೇಳಿದ ಮೇಲೆ ನ್ಯಾಯದ ಮಾತು ತಾನಾಗಿಯೇ ನಿಂತುಹೋಗುತ್ತದೆ.

ಹಾಗಾದರೆ ಲಿಂಗಂಪಲ್ಲಿ? ಗಂಡನಿಗೆ ಹತ್ತಿರ. ಹೆಂಡತಿ ಎಂಎಂಟಿಎಸ್ ರೈಲಿನಲ್ಲಿ ಸಿಕಂದರಾಬಾದಿಗೆ ಬಂದು, ಅಲ್ಲಿ ಮೆಟ್ರೋ ಹಿಡಿದು ಉಪ್ಪಲ್ ಸೇರಬಹುದು. 2003ರಲ್ಲಿ ಆರಂಭವಾದ ಈ ರೈಲು ಬಡವರ ಪಾಲಿಗೆ ನಿಜವಾಗಿಯೂ ಅಗ್ಗ. ಆದರೆ ಒಂದು ಗಾಡಿ ತಪ್ಪಿದರೆ ಮುಂದಿನದಕ್ಕೆ ಕಾಯುವ ಹೊತ್ತಿಗೆ ಹಾಜರಿ ಪುಸ್ತಕ ಒಳಗೆ ಹೋಗಿರುತ್ತದೆ. ಮನೆಯ ಬಾಗಿಲಿನಿಂದ ಕಚೇರಿಯ ಬಾಗಿಲಿಗೆ ಒಂದು ಕಡೆಗೆ ಎರಡು ಗಂಟೆಯೆಂದು ಆಕೆಯೇ ಲೆಕ್ಕ ಹಾಕಿಕೊಂಡು ಬಂದಿದ್ದರು. ದಿನಕ್ಕೆ ನಾಲ್ಕು ಗಂಟೆ. ತಿಂಗಳಿಗೆ 26 ದಿನವೆಂದರೆ 104 ಗಂಟೆ. ಎಂಟು ಗಂಟೆಯ ದುಡಿಮೆಯ ದಿನಗಳಾಗಿ ಎಣಿಸಿದರೆ ಹದಿಮೂರು ದಿನ. ಸಂಬಳವಿಲ್ಲದ ಹದಿಮೂರು ದಿನಗಳ ಚಾಕರಿ! ಇಟಲಿಯ ಚೇಸಾರೆ ಮಾರ್ಕೆಟ್ಟಿ ಎಂಬ ವಿಜ್ಞಾನಿ 1994ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ಮನುಷ್ಯನು ಕಾಲ್ನಡಿಗೆಯ ಯುಗದಿಂದ ಇಂದಿನವರೆಗೂ ದಿನಕ್ಕೆ ಸುಮಾರು ಒಂದು ಗಂಟೆಯನ್ನೇ ಓಡಾಟಕ್ಕೆ ಕೊಡುತ್ತ ಬಂದಿದ್ದಾನೆಂದು ವಾದಿಸಿದ್ದಾನೆ. ಅದರ ನಾಲ್ಕರಷ್ಟನ್ನು ಹೊತ್ತು ಮನೆಗೆ ಬಂದ ಹೆಂಗಸು ಮತ್ತೆ ಒಲೆಯ ಮುಂದೆ ನಿಲ್ಲಬೇಕೆಂದರೆ, ಆರು ತಿಂಗಳಲ್ಲಿ ರಾಜೀನಾಮೆಯೇ ಗತಿ. ಹೀಗೆ ಬಿಟ್ಟುಹೋದ ಮೂರು ನೌಕರಿಗಳನ್ನು ನಾವು ಕಣ್ಣಾರೆ ಕಂಡಿದ್ದೇವೆ; ಮೂರೂ ಹೆಂಗಸರವೇ. ಯಾರೂ ಅವರನ್ನು ಬಿಡಿರೆಂದು ಹೇಳಲಿಲ್ಲ. ಮನೆಯನ್ನು ಗಂಡನ ಕಡೆಗೆ ಹಿಡಿದರು, ಅಷ್ಟೆ.

ಇದಕ್ಕೆ ಉತ್ತರವಾಗಿ ಉಚಿತ ಬಸ್ಸಿನ ಮಾತು ಬರುತ್ತದೆ. 2023ರ ಡಿಸೆಂಬರ್ 9ರಿಂದ ತೆಲಂಗಾಣದ ಸಾರಿಗೆ ಸಂಸ್ಥೆಯ ಸಾಮಾನ್ಯ ಹಾಗೂ ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲ. ಉಪಕಾರವಾದದ್ದು ನಿಜ, ಹಣ ಉಳಿಯಿತು, ಹೊತ್ತು ಉಳಿಯಲಿಲ್ಲ. ಇಲ್ಲಿಯೇ ನಮ್ಮ ಸೋದರಿಯರಿಗೆ ಒಂದು ಕಿವಿಮಾತು. ಈ ಸವಲತ್ತು ತೆಲಂಗಾಣದ ನಿವಾಸಿಗಳಿಗೆ ಮಾತ್ರ. ಆಧಾರ್ ಚೀಟಿಯಲ್ಲಿ ಬೀದರದ ವಿಳಾಸವನ್ನೇ ಇಟ್ಟುಕೊಂಡು ಹತ್ತು ವರ್ಷ ಇಲ್ಲಿ ಬಾಳಿದವರೂ ನಿರ್ವಾಹಕನಿಗೆ ಹಣ ತೆರಬೇಕಾಗುತ್ತದೆ. ವಿಳಾಸ ಬದಲಿಸಿದರೆ ಊರಿನ ಶಕ್ತಿ ಯೋಜನೆ ತಪ್ಪುವುದಲ್ಲಾ ಎಂದು ಈಕೆ ಕೇಳಿದರು. ತಪ್ಪುತ್ತದೆ. ವರ್ಷಕ್ಕೆ ನಾಲ್ಕು ಸಲ ಊರಿಗೆ ಹೋಗುವವರು, ತಿಂಗಳಿಗೆ 52 ಸಲ ಬಸ್ಸು ಹತ್ತುವುದನ್ನು ಎಣಿಸಿಕೊಳ್ಳುವುದು ಒಳಿತು.

ನಮ್ಮ ಅಭಿಪ್ರಾಯದಲ್ಲಿ ಪ್ರಶ್ನೆಯನ್ನು ಕೇಳುವ ಕ್ರಮವೇ ತಲೆಕೆಳಗಾಗಿದೆ. ಮನೆ ಎಲ್ಲಿ ಎಂದು ಕೇಳುವುದಕ್ಕೆ ಮುಂಚೆ, ಇಬ್ಬರ ನೌಕರಿಯಲ್ಲಿ ಯಾವುದು ಕದಲಬಲ್ಲದು ಎಂದು ಕೇಳತಕ್ಕದ್ದು. ಕೈಯಲ್ಲಿ ರುಚಿಯುಳ್ಳ ಅಡಿಗೆಯವನಿಗೆ ತಾರ್ನಾಕದಲ್ಲಿಯೂ ಕೆಲಸವುಂಟು, ಹಬ್ಸಿಗುಡದಲ್ಲಿಯೂ ಉಂಟು. ಏಳು ವರ್ಷದ ಸೇವಾಹಿರಿತನವಿರುವ ಗುಮಾಸ್ತೆ ಅದನ್ನು ಬಿಟ್ಟು ಪಡುವಣಕ್ಕೆ ಹೋದರೆ ಮತ್ತೆ ಮೊದಲಿನಿಂದ ಆರಂಭಿಸಬೇಕು. ಆದರೂ ನಮ್ಮ ಮನೆಗಳಲ್ಲಿ ಗಂಡನ ನೌಕರಿಯನ್ನು ಬೆಟ್ಟವೆಂದೂ ಹೆಂಡತಿಯದನ್ನು ಬುಟ್ಟಿಯೆಂದೂ ಎಣಿಸುವ ರೂಢಿ ಇದೆ. ಬೆಟ್ಟ ಇದ್ದಲ್ಲಿಗೆ ಬುಟ್ಟಿ ಹೋಗಬೇಕು. ಗಚ್ಚಿಬೌಲಿಯಲ್ಲಿ ಸಂಬಳ ಹೆಚ್ಚೆಂದು ಗಂಡ ಹೇಳಿದರು. ಹೆಚ್ಚೇ ಸರಿ. ಆ ಹೆಚ್ಚಿನಿಂದ ಆ ಕಡೆಯ ಬಾಡಿಗೆಯ ಹೆಚ್ಚನ್ನೂ, ಪೆಟ್ರೋಲನ್ನೂ, ಮಗುವನ್ನು ನೋಡಿಕೊಳ್ಳುವವರ ಹಣವನ್ನೂ ಕಳೆದು ಕಾಗದದ ಮೇಲೆ ತೋರಿಸಿರೆಂದೆವು. ಅವರು ಕಾಗದ ತೆಗೆದುಕೊಂಡರು; ಕೂಡಿಸಿ ಕಳೆದ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ನೌಕರಿ ಎರಡೂ ಕದಲದಿದ್ದರೆ ಮಾತ್ರ ಊರಿನ ಆಯ್ಕೆ. ಆಗ ನಡುವನ್ನಲ್ಲ, ಗಾಡಿ ಬದಲಿಸದೆ ಹೋಗಬಹುದಾದ ಮಾರ್ಗವನ್ನು ಹುಡುಕಬೇಕು. ಯೂಸುಫ್‌ಗುಡ, ಮಧುರಾನಗರಗಳು ನಾಗೋಲ್–ರಾಯದುರ್ಗ ಮಾರ್ಗದ ಮೇಲೆಯೇ ಇವೆ. ಅಲ್ಲಿಂದ ಹೆಂಡತಿ ಒಂದೇ ಗಾಡಿಯಲ್ಲಿ ಉಪ್ಪಲ್ ಮುಟ್ಟುವಳು. ಗಂಡ ನಾಲ್ಕೂವರೆಗೆ ಬೈಕು ಹತ್ತಿದರೆ ಆ ಹೊತ್ತಿನ ಬರಿದಾದ ಬೀದಿಯಲ್ಲಿ ಅರ್ಧ ಗಂಟೆಗೆ ಮೊದಲೇ ಹೋಟೆಲು ಸೇರುವನು. ಮನೆಗಳು ಇಕ್ಕಟ್ಟು, ನೀರಿನ ವಿಚಾರವನ್ನು ಮುಂಗಡ ಕೊಡುವ ಮೊದಲೇ ವಿಚಾರಿಸಬೇಕು. ಆದರೆ ಮೆಟ್ರೋ ದರ 2025ರ ಮೇ ತಿಂಗಳಿನಲ್ಲಿ ಏರಿದ್ದರೂ, ಎರಡು ಗಂಟೆ ಉಳಿಯುವುದಾದರೆ ಅದು ನಷ್ಟದ ವ್ಯಾಪಾರವಲ್ಲ.

ಘಟ್‌ಕೇಸರದಲ್ಲಿಯೋ ಶಾದ್‌ನಗರದಲ್ಲಿಯೋ ಒಂದು ನಿವೇಶನ ಕೊಂಡುಬಿಟ್ಟರೆ ಹೇಗೆ ಎಂಬ ಆಸೆಯೂ ಅವರಲ್ಲಿತ್ತು. ಹೊರವರ್ತುಲ ರಸ್ತೆ ಹತ್ತಿರವೆಂದು ದಲ್ಲಾಳಿ ಹೇಳಿದ್ದನಂತೆ. 158 ಕಿಲೋಮೀಟರಿನ ಆ ರಸ್ತೆಯ ಮುಖ್ಯ ಪಥದ ಮೇಲೆ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲವೆಂಬುದನ್ನು ದಲ್ಲಾಳಿ ಹೇಳಿರಲಿಲ್ಲ.

ಇನ್ನೊಂದು ವಿಷಯವನ್ನು ಆಕೆ ಕೊನೆಗೆ, ಸ್ವಲ್ಪ ಸಂಕೋಚದಿಂದ, ಎತ್ತಿದರು. ಮಗುವಿಗೆ ಜ್ವರ ಬಂದ ದಿನ ಮನೆಗೆ ಓಡುವವರು ಯಾರು? ಮನೆಗೆ ಹತ್ತಿರವಿದ್ದವರೇ ಓಡಬೇಕು. ಹೋಟೆಲಿನವರು ಮಧ್ಯಾಹ್ನ ಎರಡಕ್ಕೆ ಬಿಡುವಾಗುತ್ತಾರೆ. ಶಾಲೆ ಬಿಡುವುದು ಮೂರಕ್ಕೆ. ಲೆಕ್ಕ ಸರಿಯಾಗಿಯೇ ಇದೆ. ಸಂಜೆಯ ಅಡಿಗೆಯೂ ಅವರದೇ ಆಗಲೆಂದು ನಾವೆಂದಾಗ ಅವರು ನಕ್ಕರು. ಇನ್ನೂರು ಜನರಿಗೆ ಸಾರು ಕುದಿಸಿ ಬಂದವನಿಗೆ ಮೂವರಿಗೆ ಅನ್ನ ಬಸಿಯುವುದು ಭಾರವೇ? ಹೋಟೆಲಿನಲ್ಲಿ ಪಾಕಶಾಸ್ತ್ರಜ್ಞನಾದವನು ಮನೆಯ ಹೊಸ್ತಿಲು ದಾಟಿದೊಡನೆ ಒಲೆ ಹೊತ್ತಿಸುವುದನ್ನು ಮರೆಯುವ ಚಮತ್ಕಾರವನ್ನು ನಾವು ಬಹಳ ಕಡೆ ಕಂಡಿದ್ದೇವೆ.

ಕಾಚಿಗುಡ ದೂರವಾಗುವುದೆಂಬ ನೋವು ಇಬ್ಬರಿಗೂ ಇದೆ. ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ, ಊರಿಗೆ ಹೋಗುವ ರೈಲು, ಎಲ್ಲ ಆ ಸುತ್ತಿನಲ್ಲಿಯೇ. ಆ ನೋವಿಗೆ ನಮ್ಮಲ್ಲಿ ಮದ್ದಿಲ್ಲ. ಎಲ್ಲಿಗೆ ಹೋದರೂ ಭಾನುವಾರ ಒಂದು ಸಲ ಬಂದುಹೋಗಿರೆಂದು ಹೇಳಿದೆವು.

ಹೊರಡುವಾಗ ಗಂಡ ಚಪ್ಪಲಿ ಮೆಟ್ಟುತ್ತ, ತಾರ್ನಾಕದಲ್ಲಿ ತಮ್ಮ ಊರಿನವರೊಬ್ಬರ ಹೋಟೆಲಿದೆ, ನಾಳೆ ಒಂದು ಮಾತು ಕೇಳಿ ನೋಡುತ್ತೇನೆಂದರು. ಹೆಂಡತಿ ಏನನ್ನೂ ಹೇಳಲಿಲ್ಲ. ಲೆಕ್ಕ ಬರೆದ ಆ ಕಾಗದವನ್ನು ಮಾತ್ರ ಮಡಿಸಿ ತನ್ನ ಚೀಲದಲ್ಲಿಟ್ಟುಕೊಂಡರು.